ಗೆರೆಯ ಲೋಕ, ನೆರಳಿನ ಲೋಕ

ವಿಡಿಯೊ ಆಟಗಳ ಚಿತ್ರಗಳು ಹೊರಗಿನ ಲೋಕವನ್ನು ಎಷ್ಟರಮಟ್ಟಿಗೆ ಹೋಲುತ್ತವೆ ಎಂಬುದೇ ಬಹುಕಾಲ ಅವುಗಳ ಗುಣವನ್ನು ಅಳೆಯುವ ಮಾನದಂಡವಾಗಿದ್ದಿತು. ಹೋಲಿಕೆ ಬೆಳೆದಂತೆ ಕಲೆಯೂ ಬೆಳೆಯುತ್ತದೆ ಎಂಬ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಶೈಲಿಯೊಂದುಂಟು. ಅದರ ಹೆಸರು ಸೆಲ್ ಶೇಡಿಂಗ್.

ಈ ಹೆಸರು ಸೆಲ್ಯುಲಾಯ್ಡ್‌ನಿಂದ ಬಂದುದು. ಕಾರ್ಟೂನು ಚಲನಚಿತ್ರಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾಲದಲ್ಲಿ ಪಾರದರ್ಶಕ ಹಾಳೆಯ ಮುಂಬದಿಗೆ ಗೆರೆಯನ್ನೆಳೆದು, ಹಿಂಬದಿಗೆ ಬಣ್ಣ ತುಂಬುತ್ತಿದ್ದರು. ಒಂದೇ ಪಾತ್ರವನ್ನು ಸಾವಿರಾರು ಹಾಳೆಗಳಲ್ಲಿ ಬರೆಯಬೇಕಾಗಿದ್ದುದರಿಂದ ನೆರಳಿನ ಸೂಕ್ಷ್ಮ ಛಾಯೆಗಳಿಗೆ ಅಲ್ಲಿ ಎಡೆ ಕಡಿಮೆ. ಗಣಕಯಂತ್ರದ ರೂಢಿಯ ಮಾರ್ಗ ಬೇರೆ. ಒಂದು ಮೇಲ್ಮೈ ಬೆಳಕಿನತ್ತ ಎಷ್ಟು ತಿರುಗಿದೆ ಎಂಬುದನ್ನು ಲೆಕ್ಕಹಾಕಿ, ಅದು ಬೆಳಕನ್ನು ನಯವಾಗಿ ಕತ್ತಲೆಗೆ ಇಳಿಸುತ್ತದೆ. ಸೆಲ್ ಶೇಡಿಂಗ್ ಈ ಇಳಿಜಾರನ್ನು ಎರಡು ಮೂರು ಮೆಟ್ಟಿಲುಗಳಾಗಿ ಕಡಿಯುತ್ತದೆ. ಹೊರಗೆರೆ ಬೇಕಾದಲ್ಲಿ, ಆಕೃತಿಯ ತುಸು ಹಿಗ್ಗಿಸಿದ ಕಪ್ಪು ಪ್ರತಿಯೊಂದನ್ನು ಅದರ ಹಿಂದೆ ನಿಲ್ಲಿಸುವುದು ಒಂದು ಉಪಾಯ. ಅಂಚಿನಾಚೆ ಇಣುಕುವ ಕಪ್ಪೇ ಗೆರೆಯಾಗಿ ತೋರುತ್ತದೆ.

ಜಪಾನಿನ ಸೆಗಾ ಸಂಸ್ಥೆ 2000ದಲ್ಲಿ ಹೊರತಂದ ‘ಜೆಟ್ ಸೆಟ್ ರೇಡಿಯೊ’ ಈ ಶೈಲಿಗೆ ಪ್ರಸಿದ್ಧಿ ತಂದಿತು. ನಿಜವಾದ ವಿವಾದ ಎದ್ದುದು ನಿಂಟೆಂಡೊ ಸಂಸ್ಥೆಯ ‘ಜೆಲ್ಡಾ’ ಮಾಲೆಯಿಂದ. 2000ದ ಪ್ರದರ್ಶನದಲ್ಲಿ ಆ ಸಂಸ್ಥೆ ನೈಜರೀತಿಯ ಕತ್ತಿವರಸೆಯ ತುಣುಕೊಂದನ್ನು ತೋರಿಸಿತ್ತು. ಮರುವರ್ಷ ಅದೇ ವೀರ ಅಗಲ ಕಣ್ಣಿನ ಕಾರ್ಟೂನು ಬಾಲಕನಾಗಿ ಕಾಣಿಸಿಕೊಂಡಾಗ ಅಭಿಮಾನಿಗಳಲ್ಲಿ ಅನೇಕರು ನಿರಾಶರಾದರು. ತಮ್ಮೊಡನೆ ಬೆಳೆಯಬೇಕಾಗಿದ್ದ ಆಟ ಮಗುವಾಗಿಬಿಟ್ಟಿತೆಂಬುದು ಅವರ ಅಳಲು.

‘ದಿ ವಿಂಡ್ ವೇಕರ್’ ಎಂಬ ಆ ಆಟ 2002ರಲ್ಲಿ ಜಪಾನಿನಲ್ಲಿಯೂ 2003ರಲ್ಲಿ ಇತರೆಡೆಗಳಲ್ಲಿಯೂ ಹೊರಬಂದಿತು. ಅದನ್ನು ಆಡಿದವರಿಗೆ ಶೈಲಿಯ ಸಾರ್ಥಕತೆ ತಿಳಿಯಿತು. ಅಲ್ಲಿ ಗಾಳಿ ಬಿಳಿಯ ಗೆರೆಯಾಗಿ ಸುಳಿಯುತ್ತದೆ. ಬಾಲಕನ ದೊಡ್ಡ ಕಣ್ಣುಗಳು ಗಮನಿಸಬೇಕಾದ ವಸ್ತುವಿನತ್ತ ತಾವೇ ಹೊರಳಿ ಆಡುವವನಿಗೆ ದಾರಿ ತೋರುತ್ತವೆ. ಆದರೂ ಆಕ್ಷೇಪ ವ್ಯರ್ಥವಾಗಲಿಲ್ಲ. 2006ರ ‘ಟ್ವೈಲೈಟ್ ಪ್ರಿನ್ಸೆಸ್’ ನೈಜತೆಯತ್ತ ಮರಳಿತು.

ಅದೇ 2006ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯ ‘ಓಕಾಮಿ’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮೊದಲು ನೈಜರೀತಿಯಲ್ಲಿ ಯೋಜಿತವಾಗಿದ್ದ ಈ ಕೃತಿ, ಯಂತ್ರದ ಶಕ್ತಿ ಸಾಲದೆ, ಜಪಾನಿನ ಮಸಿಚಿತ್ರದ ಸಂಪ್ರದಾಯವನ್ನು ಆಶ್ರಯಿಸಿತು. ಆಡುವವನು ಲೋಕವನ್ನೇ ತಡೆದು ನಿಲ್ಲಿಸಿ, ಕುಂಚದಿಂದ ಆಕಾಶದಲ್ಲಿ ವೃತ್ತವೊಂದನ್ನು ಬರೆದರೆ ಸೂರ್ಯನು ಮೂಡುತ್ತಾನೆ. ಕೊರತೆಯಿಂದ ಹುಟ್ಟಿದ ಶೈಲಿ ಇಲ್ಲಿ ಕ್ರಿಯೆಯೇ ಆಗಿ ಪರಿಣಮಿಸಿದೆ.

ಗೆರೆಯೆಳೆದ ಮಾತ್ರಕ್ಕೆ ಎಲ್ಲ ಆಟವೂ ಕಲೆಯಾಗದು. ಶೈಲಿ ಬರಿಯ ವೇಷವಾದರೆ ಅದು ಬೇಗ ಹಳಸುತ್ತದೆ. ಆದರೆ ಒಂದು ಮಾತನ್ನು ಒಪ್ಪಬೇಕು. ಹೋಲಿಕೆಯನ್ನೇ ನೆಚ್ಚಿದ ಚಿತ್ರಕ್ಕೆ ನಾಳಿನ ಯಂತ್ರವೇ ಪ್ರತಿಸ್ಪರ್ಧಿ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ವಿವೇಚಿಸಿ ಬರೆದ ಚಿತ್ರಕ್ಕೆ ಆ ಭಯ ಕಡಿಮೆ. ‘ದಿ ವಿಂಡ್ ವೇಕರ್’ 2013ರಲ್ಲಿ ಹೊಸ ಯಂತ್ರಕ್ಕಾಗಿ ಮತ್ತೆ ಸಿದ್ಧವಾದಾಗ, ಒಮ್ಮೆ ಹೀಯಾಳಿಕೆಗೆ ಗುರಿಯಾಗಿದ್ದ ಆ ಬಾಲಕನ ರೂಪವನ್ನು ಬದಲಿಸುವ ಅಗತ್ಯ ಯಾರಿಗೂ ತೋರಲಿಲ್ಲ.