ಡ್ರೋನ್ ರಿಮೋಟ್‌ನ ಚಾರ್ಜ್ ಎಲ್ಲಿಗೆ ಹೋಗುತ್ತದೆ?

ಡ್ರೋನ್ ಹಾರಿಸುವವರ ಗಮನವೆಲ್ಲ ಸಾಮಾನ್ಯವಾಗಿ ಹಾರುವ ಯಂತ್ರದ ಬ್ಯಾಟರಿಯ ಮೇಲಿರುತ್ತದೆ. ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುವುದರಿಂದ ಎರಡು ಮೂರು ಬ್ಯಾಟರಿಗಳನ್ನು ಮೊದಲೇ ಚಾರ್ಜ್ ಮಾಡಿ ಚೀಲಕ್ಕೆ ಹಾಕಿಕೊಳ್ಳುವ ರೂಢಿ ಬೆಳೆದಿದೆ. ಆದರೆ ಕೈಯಲ್ಲಿ ಹಿಡಿದ ರಿಮೋಟ್‌ನೊಳಗೂ ಒಂದು ಬ್ಯಾಟರಿ ಇದೆ, ಅದನ್ನು ಹೆಚ್ಚಿನ ಮಾದರಿಗಳಲ್ಲಿ ಕಳಚಿ ಬದಲಿಸಲು ಬರುವುದಿಲ್ಲ, ಅದು ಸತ್ತರೆ ಹಾರಾಟವೇ ನಿಲ್ಲುತ್ತದೆ ಎಂಬುದು ಚಾರ್ಜ್ ಬೇಗ ಇಳಿಯಲು ಆರಂಭಿಸಿದ ಮೇಲೆಯೇ ಹಲವರಿಗೆ ನೆನಪಾಗುತ್ತದೆ. ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಂಥ ಕಡೆ ಮದುವೆಯ ಚಿತ್ರೀಕರಣಕ್ಕೋ ಕಟ್ಟಡ ಕಾಮಗಾರಿಯ ದಾಖಲೆಗೋ ಡ್ರೋನ್ ಇಟ್ಟುಕೊಂಡವರಿಗೆ ಈ ತೊಂದರೆ ಇನ್ನಷ್ಟು ಹತ್ತಿರದ್ದು. ವಿದೇಶಿ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿ 9ರಂದು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿದ್ದರಿಂದ, ಅದಕ್ಕೆ ಮುಂಚೆ ಕೊಂಡ ಯಂತ್ರಗಳನ್ನೇ ಜೋಪಾನ ಮಾಡಿಕೊಂಡು ಬಂದವರು ಅನೇಕರಿದ್ದಾರೆ. ಆ ಯಂತ್ರಗಳ ಜೊತೆಗೆ ಬಂದ ರಿಮೋಟ್‌ಗಳಿಗೂ ಈಗ ವಯಸ್ಸಾಗಿದೆ.

‘ಚಾರ್ಜ್ ನಿಲ್ಲುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ಸ್ಥಿತಿಗಳು ಅಡಗಿರುತ್ತವೆ: ಬ್ಯಾಟರಿ ಪೂರ್ತಿ ತುಂಬದೇ ಇರಬಹುದು, ತುಂಬಿದ್ದನ್ನು ಹಿಡಿದಿಡುವ ಶಕ್ತಿ ಕುಂದಿರಬಹುದು, ಅಥವಾ ಬ್ಯಾಟರಿ ಚೆನ್ನಾಗಿಯೇ ಇದ್ದು ಖರ್ಚು ಮಾತ್ರ ಹೆಚ್ಚಿರಬಹುದು. ಇವುಗಳಲ್ಲಿ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳದೆ ಬ್ಯಾಟರಿ ಬದಲಿಸಲು ಹೊರಡುವುದು ಹಣವನ್ನೂ ಸಮಯವನ್ನೂ ಕಳೆದುಕೊಳ್ಳುವ ದಾರಿ. ಮೊದಲು ತಿಳಿಯಬೇಕಾದದ್ದು ಆ ರಿಮೋಟ್ ಹೊಸದಿದ್ದಾಗ ಎಷ್ಟು ಹೊತ್ತು ನಡೆಯುತ್ತಿತ್ತು ಎಂಬುದು. ಡಿಜೆಐ ಕಂಪನಿಯ ಮೂರು ರಿಮೋಟ್‌ಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಫೋನನ್ನು ಸಿಕ್ಕಿಸಿ ಬಳಸುವ ಆರ್‌ಸಿ-ಎನ್1 ಎಂಬ ರಿಮೋಟ್‌ನಲ್ಲಿ 5200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಇದ್ದು, ಅದು ಗರಿಷ್ಠ 6 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಸ್ವಂತ ಪರದೆಯುಳ್ಳ ಡಿಜೆಐ ಆರ್‌ಸಿ ಅಷ್ಟೇ ಗಾತ್ರದ ಬ್ಯಾಟರಿಯಿಂದ ಸುಮಾರು 4 ಗಂಟೆ ನಡೆಯುತ್ತದೆ. ಅದರ ಮುಂದಿನ ಮಾದರಿಯಾದ ಆರ್‌ಸಿ 2ರಲ್ಲಿ ಬ್ಯಾಟರಿ 6200ಕ್ಕೆ ಏರಿದ್ದರೂ ಅವಧಿ ಸುಮಾರು 3 ಗಂಟೆಗೆ ಇಳಿದಿದೆ. ಹಳೆಯದರಿಂದ ಹೊಸದಕ್ಕೆ ಬದಲಾಯಿಸಿಕೊಂಡವರು ಇದನ್ನು ದೋಷವೆಂದು ಭಾವಿಸುವುದು ಸಹಜ, ಆದರೆ ಅಲ್ಲಿ ದೋಷವಿಲ್ಲ. ವೇಗದ ಪ್ರೊಸೆಸರ್ ಮತ್ತು ಹೆಚ್ಚಿನ ಆಂಟೆನಾಗಳು ಗಂಟೆಗೆ ಹೆಚ್ಚು ಶಕ್ತಿಯನ್ನು ಬೇಡುತ್ತವೆ, ಅಷ್ಟೆ.

ಫೋನ್ ಸಿಕ್ಕಿಸುವ ರಿಮೋಟ್‌ಗಳಲ್ಲಿ ಚಾರ್ಜ್ ಬೇಗ ಇಳಿಯುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಫೋನನ್ನೇ. ಚಿತ್ರವನ್ನು ರಿಮೋಟ್‌ನಿಂದ ಫೋನಿಗೆ ತರುವ ಕೇಬಲ್ಲಿನ ಮೂಲಕವೇ ರಿಮೋಟ್ ತನ್ನ ಬ್ಯಾಟರಿಯಿಂದ ಫೋನಿಗೆ ವಿದ್ಯುತ್ತನ್ನು ಊಡಿಸುತ್ತಿರುತ್ತದೆ, ಹೀಗಾಗಿ ಶೇ. 30 ಚಾರ್ಜ್ ಇರುವ ಫೋನನ್ನು ಸಿಕ್ಕಿಸಿದವರು ತಮಗೆ ಅರಿವಿಲ್ಲದೆ ರಿಮೋಟನ್ನು ಪವರ್ ಬ್ಯಾಂಕ್ ಮಾಡಿಕೊಂಡಿರುತ್ತಾರೆ. ಆರ್‌ಸಿ-ಎನ್1ರ ವಿವರಗಳಲ್ಲಿ ಕಂಪನಿಯೇ ಇದನ್ನು ಕಾಣಿಸಿದೆ: ಫೋನ್ ಚಾರ್ಜ್ ಮಾಡದಿದ್ದರೆ 6 ಗಂಟೆ, ಮಾಡಿದರೆ 4 ಗಂಟೆ. ಈ ಅಂತರವನ್ನು ವ್ಯಾಟ್‌ಗಳಲ್ಲಿ, ಅಂದರೆ ಕ್ಷಣಕ್ಷಣದ ಶಕ್ತಿಯ ಖರ್ಚಿನ ಅಳತೆಯಲ್ಲಿ, ನೋಡಿದರೆ ಚಿತ್ರ ಇನ್ನೂ ನಿಚ್ಚಳವಾಗುತ್ತದೆ. 3.6 ವೋಲ್ಟಿನ 5200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಒಟ್ಟು 18.7 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಅದು 6 ಗಂಟೆ ಬಂದರೆ ಖರ್ಚು ಸುಮಾರು 3.1 ವ್ಯಾಟ್, 4 ಗಂಟೆ ಬಂದರೆ 4.7 ವ್ಯಾಟ್. ಒಟ್ಟು ಖರ್ಚಿನ ಮೂರನೆಯ ಒಂದು ಭಾಗ ಡ್ರೋನಿಗಾಗಿ ಆಗದೆ ಫೋನಿಗೆ ಹೋಗುತ್ತಿದೆ ಎಂದಾಯಿತು. ಐಫೋನುಗಳಿಗೆ ಈ ಚಾರ್ಜಿಂಗ್ ಸಾಮಾನ್ಯವಾಗಿ ತಾನಾಗಿ ಆರಂಭವಾಗುವುದಿಲ್ಲ, ಆಂಡ್ರಾಯ್ಡ್ ಫೋನುಗಳಿಗೆ ಆಗುತ್ತದೆ. ಅದೇ ರಿಮೋಟ್ ಒಬ್ಬರ ಕೈಯಲ್ಲಿ ಇಡೀ ದಿನ ಬಂದು ಇನ್ನೊಬ್ಬರ ಕೈಯಲ್ಲಿ ಮಧ್ಯಾಹ್ನಕ್ಕೇ ಮುಗಿಯುವುದರ ಗುಟ್ಟು ಅನೇಕ ವೇಳೆ ಇದೇ. ಆ್ಯಪ್‌ನಲ್ಲಿ ಫೋನ್ ಚಾರ್ಜಿಂಗ್ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನು ಬಳಸಬೇಕು, ಇಲ್ಲದಿದ್ದರೆ ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಡಬೇಕು. ಇಷ್ಟು ಮಾಡಿದ ಮೇಲೂ ಅವಧಿ ಸುಧಾರಿಸದಿದ್ದರೆ ಮಾತ್ರ ಮುಂದಿನ ಕಾರಣಗಳನ್ನು ಹುಡುಕುವುದು ಅರ್ಥಪೂರ್ಣ.

ಸ್ವಂತ ಪರದೆಯುಳ್ಳ ರಿಮೋಟ್‌ಗಳಲ್ಲಿ ಆ ಜಾಗವನ್ನು ಪರದೆಯ ಬೆಳಕು ಹಿಡಿಯುತ್ತದೆ. ಬಿಸಿಲಿನಲ್ಲಿ ಚಿತ್ರ ಕಾಣಬೇಕೆಂದು 700 ನಿಟ್‌ಗಳಷ್ಟು ಪ್ರಖರವಾಗಿ ಬೆಳಗುವ ಪರದೆಯನ್ನು (ನಿಟ್ ಎಂದರೆ ಪರದೆಯ ಪ್ರಖರತೆಯ ಅಳತೆ) ಸಂಜೆಯ ಚಿತ್ರೀಕರಣದಲ್ಲೂ ಅಷ್ಟಕ್ಕೇ ಬಿಟ್ಟರೆ ಬ್ಯಾಟರಿ ಸುಮ್ಮನೆ ಕರಗುತ್ತದೆ. ಮರದ ನೆರಳಿನಲ್ಲಿ ನಿಂತು, ಪರದೆಗೊಂದು ಮರೆ ಕಟ್ಟಿಕೊಂಡು ಬೆಳಕನ್ನು ತಗ್ಗಿಸುವುದು ಜಯನಗರದಂಥ ಮರಗಳಿರುವ ಬಡಾವಣೆಯಲ್ಲಿ ಕಷ್ಟವೇನಲ್ಲ. ವೈ-ಫೈ ಜಾಲಗಳ ದಟ್ಟಣೆಯಿಂದ ರಿಮೋಟ್ ಹೆಚ್ಚು ಬಲದಿಂದ ಸಂಕೇತ ಕಳಿಸಬೇಕಾಗುತ್ತದೆ, ಅದರಿಂದಲೇ ಚಾರ್ಜ್ ಇಳಿಯುತ್ತದೆ ಎಂಬ ವಿವರಣೆಯೂ ಚಾಲ್ತಿಯಲ್ಲಿದೆ. ಬಿಟಿಎಂ ಬಡಾವಣೆಯ ಪೇಯಿಂಗ್ ಗೆಸ್ಟ್ ಕಟ್ಟಡಗಳ ನಡುವೆ 2.4 ಗಿಗಾಹರ್ಟ್ಸ್ ಅಲೆಪಟ್ಟಿ ಕಿಕ್ಕಿರಿದಿರುತ್ತದೆ ಎಂಬುದು ನಿಜ, ಅಗತ್ಯಕ್ಕೆ ತಕ್ಕಂತೆ ಪ್ರಸಾರದ ಬಲವನ್ನು ತಾನೇ ಏರಿಸಿಕೊಳ್ಳುವ ರಿಮೋಟ್‌ಗಳೂ ಇವೆ. ಆದರೂ ಹಲವು ಕ್ಯಾಮೆರಾ ಡ್ರೋನ್‌ಗಳಲ್ಲಿ ಪ್ರಸಾರವಾಗುವ ಶಕ್ತಿ ಅರ್ಧ ವ್ಯಾಟನ್ನೂ ಮೀರದಿರುವುದರಿಂದ, ಪರದೆ ಮತ್ತು ಪ್ರೊಸೆಸರ್‌ಗಳ ಖರ್ಚಿನ ಮುಂದೆ ಅದನ್ನು ಮೊದಲ ಕಾರಣವೆಂದು ಹಿಡಿಯಲು ಆಗುವುದಿಲ್ಲ.

ಖರ್ಚಿನ ಲೆಕ್ಕ ಸರಿಯಿದ್ದೂ ಚಾರ್ಜ್ ಸಾಲದಿದ್ದರೆ ತುಂಬುವ ಕಡೆಗೆ ನೋಡಬೇಕು, ಮತ್ತು ಇಲ್ಲಿ ಊಹೆಗಿಂತ ಅಳತೆಯೇ ಮೇಲು. ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸುವ ಯುಎಸ್‌ಬಿ ಮೀಟರ್ ಎಂಬ ಪುಟ್ಟ ಸಾಧನ ಕೆಲವು ನೂರು ರೂಪಾಯಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಒಳಹರಿಯುವ ವೋಲ್ಟೇಜ್, ಕರೆಂಟ್ ಮತ್ತು ಒಟ್ಟು ಶಕ್ತಿಯನ್ನು ತೋರಿಸುತ್ತದೆ. 5 ವೋಲ್ಟ್, 2 ಆಂಪಿಯರ್‌ನಲ್ಲಿ ಚಾರ್ಜ್ ಆಗಬೇಕಾದ ರಿಮೋಟನ್ನು ಲ್ಯಾಪ್‌ಟಾಪಿನ ಹಳೆಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಮೀಟರಿನಲ್ಲಿ ಅರ್ಧ ಆಂಪಿಯರ್ ಮಾತ್ರ ಕಾಣಬಹುದು, ಅಂದರೆ 10 ವ್ಯಾಟ್ ಬದಲು 2.5 ವ್ಯಾಟ್, ಆ ಲೆಕ್ಕದಲ್ಲಿ ರಾತ್ರಿಯಿಡೀ ಬಿಟ್ಟರೂ ಬ್ಯಾಟರಿ ತುಂಬುವುದು ಅನುಮಾನ, ರಿಮೋಟ್ ಚಾಲೂ ಇದ್ದರಂತೂ ತುಂಬುವುದಕ್ಕಿಂತ ಖರ್ಚೇ ಹೆಚ್ಚಾಗುತ್ತದೆ. ಸವೆದ ಕೇಬಲ್, ಕಿಂಡಿಯೊಳಗೆ ಸೇರಿದ ಧೂಳು ಇವೂ ಇದೇ ಪರಿಣಾಮವನ್ನು ತರುತ್ತವೆ. ಇದೇ ಮೀಟರಿನಿಂದ ಬ್ಯಾಟರಿಯ ಆರೋಗ್ಯವನ್ನೂ ಅಂದಾಜು ಮಾಡಬಹುದು: ರಿಮೋಟ್ ತಾನಾಗಿ ಆರುವವರೆಗೆ ಬಳಸಿ, ಬಳಿಕ ಆರಿಸಿದ ಸ್ಥಿತಿಯಲ್ಲೇ ಪೂರ್ತಿ ಚಾರ್ಜ್ ಮಾಡಿ ಒಟ್ಟು ಎಷ್ಟು ವ್ಯಾಟ್-ಗಂಟೆ ಒಳಗೆ ಹೋಯಿತು ಎಂದು ನೋಡಬೇಕು. 18.7 ವ್ಯಾಟ್-ಗಂಟೆಯ ಬ್ಯಾಟರಿ ಚೆನ್ನಾಗಿದ್ದರೆ, ಚಾರ್ಜಿಂಗ್‌ನಲ್ಲಿ ಶಾಖವಾಗಿ ಕಳೆದುಹೋಗುವುದನ್ನೂ ಸೇರಿಸಿ 21ರಿಂದ 23ರವರೆಗೆ ತೋರಿಸುತ್ತದೆ. 14 ಅಥವಾ 15ಕ್ಕೇ ನಿಂತರೆ ಸೆಲ್ ಮುಪ್ಪಾಗಿದೆ ಎಂದು ತಿಳಿಯಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಮೀಟರಿನ ಮಿಲಿಆಂಪಿಯರ್-ಗಂಟೆಯ ಅಂಕಿ ಸುಮಾರು 4400 ಎಂದು ತೋರಿಸಿದಾಗ 5200 ಬರಲಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಮೀಟರ್ ಎಣಿಸುವುದು 5 ವೋಲ್ಟಿನ ಲೆಕ್ಕದಲ್ಲಿ, ಬ್ಯಾಟರಿಯ ಮೇಲೆ ಬರೆದಿರುವುದು 3.6 ವೋಲ್ಟಿನ ಲೆಕ್ಕದಲ್ಲಿ, ಆದ್ದರಿಂದ ಆ 4400 ಆರೋಗ್ಯದ ಲಕ್ಷಣವೇ ಹೊರತು ರೋಗದ್ದಲ್ಲ.

ಸೆಲ್ ಮುಪ್ಪಾಗುವುದು ಬಳಕೆಯಿಂದ ಮಾತ್ರವಲ್ಲ, ಇಟ್ಟ ಜಾಗದಿಂದಲೂ. ಲಿಥಿಯಂ-ಅಯಾನ್ ಸೆಲ್‌ಗೆ ಎರಡು ಸಂಗತಿಗಳು ಒಟ್ಟಿಗೆ ಸೇರಿದರೆ ಬಹಳ ಕೆಡುಕು: ಪೂರ್ತಿ ತುಂಬಿದ ಸ್ಥಿತಿ ಮತ್ತು ಶಾಖ. ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜಿನ ಪ್ರಕಾರ, ಶೇ. 40ರಷ್ಟು ತುಂಬಿದ ಸೆಲ್ಲನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಇಟ್ಟರೆ ಅದರ ಸಾಮರ್ಥ್ಯ ಶೇ. 96ರಷ್ಟು ಉಳಿಯುತ್ತದೆ, ಪೂರ್ತಿ ತುಂಬಿದ್ದನ್ನು 40 ಡಿಗ್ರಿಯಲ್ಲಿ ಇಟ್ಟರೆ ಶೇ. 65ಕ್ಕೆ ಇಳಿಯುತ್ತದೆ. ಬೆಂಗಳೂರು ತಂಪು ಊರೆಂಬ ಹಳೆಯ ನಂಬಿಕೆಯನ್ನು ನೆಚ್ಚಿಕೊಂಡು ಇದನ್ನು ಅಲಕ್ಷಿಸುವಂತಿಲ್ಲ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು, ಮತ್ತು ಅದು ನೆರಳಿನಲ್ಲಿ ಅಳೆದ ಉಷ್ಣತೆ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ, ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಛತ್ರದ ಮುಂದೆ ಬೆಳಗಿನ ಮುಹೂರ್ತದಿಂದ ಸಂಜೆಯ ಆರತಕ್ಷತೆಯವರೆಗೆ ಕಾರಿನಲ್ಲೇ ಉಳಿಯುವ ಚೀಲವೇ ಅನೇಕ ರಿಮೋಟ್‌ಗಳ ಆಯುಸ್ಸನ್ನು ತಿನ್ನುತ್ತದೆ. ವಾರಗಟ್ಟಲೆ ಕೆಲಸವಿಲ್ಲದಿದ್ದಾಗ, ಅಂದರೆ ಆಷಾಢದಂಥ ದಿನಗಳಲ್ಲಿ, ರಿಮೋಟನ್ನು ಅರ್ಧದಷ್ಟು ಚಾರ್ಜ್‌ನಲ್ಲಿ ಮನೆಯೊಳಗಿನ ತಂಪಾದ ಕಪಾಟಿನಲ್ಲಿ ಇಡುವುದು ಒಳ್ಳೆಯದು. ಪೂರ್ತಿ ಖಾಲಿಯಾಗಿ ಬಿಡುವುದು ಪೂರ್ತಿ ತುಂಬಿ ಬಿಡುವುದಕ್ಕಿಂತಲೂ ಅಪಾಯ.

ಮುಪ್ಪಾದ ಸೆಲ್ ಕಡಿಮೆ ಹೊತ್ತು ಬರುವುದಷ್ಟೇ ಅಲ್ಲ, ದಾರಿಯನ್ನೂ ತಪ್ಪಿಸುತ್ತದೆ. ಅದರ ಒಳಗಿನ ಪ್ರತಿರೋಧ ಏರಿರುವುದರಿಂದ ಹೆಚ್ಚು ಕರೆಂಟ್ ಸೆಳೆದಾಗ ವೋಲ್ಟೇಜ್ ಹಠಾತ್ತನೆ ಕುಸಿಯುತ್ತದೆ; ಪರದೆಯ ಮೇಲೆ ಶೇ. 30 ಎಂದು ಕಾಣುತ್ತಿದ್ದದ್ದು ನೋಡುನೋಡುತ್ತಲೇ ಶೇ. 5ಕ್ಕೆ ಬಂದು ರಿಮೋಟ್ ಆರಿಹೋಗುತ್ತದೆ. ಒಮ್ಮೊಮ್ಮೆ ಸೆಲ್ ಚೆನ್ನಾಗಿದ್ದು, ಶೇಕಡಾವಾರನ್ನು ಎಣಿಸುವ ಚಿಪ್‌ನ ಲೆಕ್ಕ ಮಾತ್ರ ತಪ್ಪಿರುವುದೂ ಉಂಟು. ಒಂದು ಸಲ ಪೂರ್ತಿ ಇಳಿಸಿ ಪೂರ್ತಿ ತುಂಬಿದರೆ ಆ ತಪ್ಪು ಬಹುಮಟ್ಟಿಗೆ ಸರಿಹೋಗುತ್ತದೆ, ಸೆಲ್ಲಿನ ಮುಪ್ಪು ಹೋಗುವುದಿಲ್ಲ.

ಬಳಸದೆ ಇಟ್ಟಾಗಲೂ ಚಾರ್ಜ್ ಇಳಿಯುವುದು ಬೇರೆಯೇ ಸಮಸ್ಯೆ. ಆರೋಗ್ಯವಂತ ಲಿಥಿಯಂ ಸೆಲ್ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇ. 2–3ರಷ್ಟು ಮಾತ್ರ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಶೇ. 10 ಇಳಿದಿದ್ದರೆ ಒಳಗೆ ಯಾವುದೋ ಎಚ್ಚರವಾಗಿಯೇ ಇದೆ ಎಂದರ್ಥ. ಪರದೆಯುಳ್ಳ ರಿಮೋಟ್‌ಗಳು ವಾಸ್ತವದಲ್ಲಿ ಆಂಡ್ರಾಯ್ಡ್ ಆಧಾರಿತ ಪುಟ್ಟ ಕಂಪ್ಯೂಟರುಗಳು. ಅವುಗಳ ಗುಂಡಿಯನ್ನು ಒಮ್ಮೆ ಒತ್ತಿದರೆ ಪರದೆ ಆರಿ ಯಂತ್ರ ನಿದ್ರೆಗೆ ಹೋಗುತ್ತದೆಯೇ ಹೊರತು ಪೂರ್ತಿ ಆರುವುದಿಲ್ಲ.

ಬನಶಂಕರಿ, ಕುಮಾರಸ್ವಾಮಿ ಬಡಾವಣೆಗಳ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಜೋಡಿಸುವ ಡ್ರೋನ್‌ಗಳ ರಿಮೋಟ್‌ಗಳದು ಇನ್ನೊಂದು ಬಗೆ. ಫ್ಲೈಸ್ಕೈ ಎಫ್ಎಸ್-ಐ6ನಂಥ ಅಗ್ಗದ ರಿಮೋಟ್‌ಗೆ ಗೋಡೆ ಗಡಿಯಾರಕ್ಕೆ ಹಾಕುವ ಗಾತ್ರದ 4 ಸೆಲ್ ಬೇಕು. 1.5 ವೋಲ್ಟಿನ ಹೊಸ ಆಲ್ಕಲೈನ್ ಸೆಲ್‌ಗಳಿಂದ 6 ವೋಲ್ಟ್ ಬರುತ್ತದೆ, 1.2 ವೋಲ್ಟಿನ ರೀಚಾರ್ಜ್ ಸೆಲ್‌ಗಳಿಂದ 4.8 ಮಾತ್ರ, ಎಚ್ಚರಿಕೆಯ ಸದ್ದು 4.2 ವೋಲ್ಟಿಗೇ ಬರುವುದರಿಂದ, ರೀಚಾರ್ಜ್ ಸೆಲ್ ಹಾಕಿದವರಿಗೆ ಬ್ಯಾಟರಿ ಬೇಗ ಮುಗಿಯಿತೆಂಬ ಭಾವನೆ ಬರುತ್ತದೆ. 18650 ಎಂಬ ಉರುಳೆಯಾಕಾರದ ಲಿಥಿಯಂ ಸೆಲ್ ಬಳಸುವ ರಿಮೋಟ್‌ಗಳಲ್ಲಿ ನಕಲಿ ಸೆಲ್‌ಗಳ ಕಾಟ ಸೇರುತ್ತದೆ. ಈ ಗಾತ್ರದ ಒಳ್ಳೆಯ ಸೆಲ್‌ನ ಸಾಮರ್ಥ್ಯ ಸುಮಾರು 3500 ಮಿಲಿಆಂಪಿಯರ್-ಗಂಟೆಯ ಆಸುಪಾಸಿನಲ್ಲೇ ಮುಗಿಯುವುದರಿಂದ, ಹೊದಿಕೆಯ ಮೇಲೆ 9900 ಎಂದು ಅಚ್ಚಾಗಿರುವುದನ್ನು ಕೊಳ್ಳಲೇಬಾರದು. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಕೈಗೆ ತೀರ ಹಗುರ ಎನಿಸುವುದು ಅಸಲಿಯಲ್ಲ.

ಇಷ್ಟೆಲ್ಲ ಪರೀಕ್ಷೆಗೆ ಡ್ರೋನ್ ಹಾರಿಸಬೇಕಾದ ಅಗತ್ಯವಿಲ್ಲ, ಮತ್ತು ಈ ಭಾಗದಲ್ಲಿ ಪರೀಕ್ಷೆಗೆಂದು ಹಾರಿಸುವುದು ಸರಿಯೂ ಅಲ್ಲ. ಈ ಬಡಾವಣೆಗಳ ಬಹುಭಾಗ ಎಚ್ಎಎಲ್ ವಿಮಾನ ನಿಲ್ದಾಣದಿಂದ 12 ಕಿ.ಮೀ. ಒಳಗೆ ಬರುವುದರಿಂದ 2021ರ ಡ್ರೋನ್ ನಿಯಮಗಳ ನಿರ್ಬಂಧಗಳು ಇಲ್ಲಿ ಬಿಗಿಯಾಗಿವೆ; ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಯಾವ ಹಾರಾಟವೂ ಕೂಡದು. ರಿಮೋಟ್ ನಡುವೆಯೇ ಆರಿದರೆ ಹೆಚ್ಚಿನ ಕ್ಯಾಮೆರಾ ಡ್ರೋನ್‌ಗಳು ಸಂಪರ್ಕ ಕಡಿದದ್ದನ್ನು ಗುರುತಿಸಿ, ಮೊದಲೇ ನಿಗದಿಪಡಿಸಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ಮರಳುತ್ತವೆ. ಆ ಎತ್ತರವನ್ನು ಬಯಲು ಮೈದಾನದ ಲೆಕ್ಕದಲ್ಲಿ ಇಟ್ಟಿದ್ದರೆ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಎರಡು ಅಂತಸ್ತಿನ ಮೇಲ್ಸೇತುವೆಯಾಗಲಿ, ಜಯನಗರದ ಹಳೆಯ ಮರಗಳ ತಲೆಯಾಗಲಿ ಆ ಮರಳುವ ದಾರಿಗೆ ಅಡ್ಡ ಬರುತ್ತವೆ. ಜಿಪಿಎಸ್ ಇಲ್ಲದ ಮನೆಯಲ್ಲೇ ಜೋಡಿಸಿದ ಡ್ರೋನ್‌ಗಳು ಮೋಟಾರು ನಿಲ್ಲಿಸಿ ಕೆಳಗೆ ಬೀಳುವುದೂ ಉಂಟು. ಕೆಳಗೆ ಇರುವುದು ಜನ ತುಂಬಿದ ರಸ್ತೆ. ಆದ್ದರಿಂದ ರಿಮೋಟ್‌ನ ಚಾರ್ಜ್ ಅರ್ಧಕ್ಕಿಂತ ಕೆಳಗಿದ್ದರೆ ಹಾರಾಟ ಆರಂಭಿಸದಿರುವುದೇ ಕ್ಷೇಮ.

ರಿಮೋಟ್‌ನ ಹಿಂಬದಿ ಉಬ್ಬಿದ್ದರೆ, ಜೋಡಣೆಯ ಗೆರೆ ಬಾಯಿ ಬಿಟ್ಟಿದ್ದರೆ, ಅಥವಾ ಸಿಹಿಯಂಥ ರಾಸಾಯನಿಕ ವಾಸನೆ ಬರುತ್ತಿದ್ದರೆ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬಾರದು, ಚಾರ್ಜಿಗೂ ಹಾಕಬಾರದು. ಅದು ಉಬ್ಬಿದ ಬ್ಯಾಟರಿ, ಚುಚ್ಚಿದರೆ ಅಥವಾ ಬಿಸಿಯಾದರೆ ಹೊತ್ತಿಕೊಳ್ಳಬಲ್ಲದು. ಅನುಭವಿ ತಂತ್ರಜ್ಞರ ಕೈಯಲ್ಲೇ ಅದನ್ನು ತೆಗೆಸಬೇಕು. ತೆಗೆದ ಸೆಲ್ಲನ್ನು ಬೆಳಗ್ಗೆ ಮನೆ ಮುಂದೆ ಬರುವ ಕಸದ ಆಟೊಗೆ ಒಣಕಸದ ಜೊತೆ ಸೇರಿಸಿ ಕೊಟ್ಟರೆ, ಕಸ ಒತ್ತುವ ಲಾರಿಯಲ್ಲಿ ಅದು ಜಜ್ಜಿ ಬೆಂಕಿಯಾಗುವ ಅಪಾಯವಿದೆ, ಮೊದಲು ಸುಡುವುದು ಪೌರಕಾರ್ಮಿಕರ ಕೈ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದಿಂದ ಬೇರೆಯಾಗಿಯೇ ವಿಲೇವಾರಿ ಮಾಡುವುದು ಬಳಕೆದಾರರ ಹೊಣೆ. ಸೆಲ್ಲಿನ ಎರಡು ತುದಿಗಳಿಗೆ ಟೇಪ್ ಅಂಟಿಸಿ, ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೇ ಒಪ್ಪಿಸಬೇಕು.