ಕೆಳಗಿನ ಊರಷ್ಟೇ ಗೊತ್ತಿರುವ ನದಿ

ಅಮೆರಿಕದ ಸೇನೆಯ ಇಂಜಿನಿಯರುಗಳ ದಳ ಕ್ಯಾಲಿಫೋರ್ನಿಯದ ಡೇವಿಸ್ ಪಟ್ಟಣದಲ್ಲಿ ಜಲವಿಜ್ಞಾನದ ಕೇಂದ್ರವೊಂದನ್ನು ನಡೆಸುತ್ತದೆ. 1968ರಲ್ಲಿ ಅಲ್ಲಿಂದ ಹೊರಬಂದ ಎಚ್‌ಇಸಿ-1 ಎಂಬ ಪ್ರೋಗ್ರಾಂ, ಮಳೆಯ ಲೆಕ್ಕ ಕೊಟ್ಟರೆ ನದಿಗೆ ಎಷ್ಟು ನೀರು ಬಂದೀತು ಎಂದು ಹೇಳುತ್ತಿತ್ತು. ಅದರ ಮುಂದಿನ ಆವೃತ್ತಿಗಳಲ್ಲಿ ನದಿಯನ್ನು ಸಾಲು ಸಾಲಾಗಿ ಬರೆದು ತಿಳಿಸಬೇಕಿತ್ತು. ಸಾಲಿನ ಮೊದಲೆರಡು ಅಕ್ಷರ ‘ಬಿಎ’ ಆದರೆ ಜಲಾನಯನದ ವಿಸ್ತೀರ್ಣ, ‘ಆರ್‌ಎಂ’ ಆದರೆ ನದಿಪಾತ್ರದಲ್ಲಿ ನೆರೆ ಸಾಗುವ ಲೆಕ್ಕ, ‘ಎಚ್‌ಸಿ’ ಆದರೆ ಸಂಗಮ. ಸಂಗಮದ ಸಾಲಿನಲ್ಲಿ 2 ಎಂದು ಬರೆದರೆ, ಅದಕ್ಕೂ ಮೊದಲು ಲೆಕ್ಕವಾಗಿ ಉಳಿದ ಕೊನೆಯ ಎರಡು ಹರಿವುಗಳನ್ನು ಕೂಡಿಸು ಎಂದರ್ಥ. ಯಾವ ನದಿ, ಯಾವ ಹಳ್ಳ ಎಂಬ ಮಾತಿಲ್ಲ. ಕೊನೆಯ ಎರಡು, ಅಷ್ಟೆ.

ಅಂದರೆ ನದಿಯ ಆಕಾರವೆಲ್ಲ ಸಾಲುಗಳ ಕ್ರಮದಲ್ಲಿ ಅಡಗಿತ್ತು. ನಮ್ಮ ಕೃಷ್ಣೆಯನ್ನೇ ಹೀಗೆ ಬರೆಯುವುದಾದರೆ ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಬಳಿಯ ಹರಿಪುರದಲ್ಲಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ, ಗಡಿ ದಾಟಿದ ಮೇಲೆ ದೂಧಗಂಗಾ, ಆಮೇಲೆ ಹಿಪ್ಪರಗಿ ಬ್ಯಾರೇಜು, ಚಿಕ್ಕಸಂಗಮದಲ್ಲಿ ಘಟಪ್ರಭಾ, ಕೊನೆಗೆ ಆಲಮಟ್ಟಿ. ಇದರಲ್ಲಿ ಒಂದು ಸಾಲು ಆಚೀಚೆಯಾದರೆ ಸಾಕು, ಅಣೆಕಟ್ಟಿನ ಕೆಳಗೆ ಕೂಡಲಸಂಗಮದಲ್ಲಿ ಸೇರಬೇಕಾದ ಮಲಪ್ರಭೆ ಜಲಾಶಯದೊಳಕ್ಕೇ ಬಂದು ಬೀಳುತ್ತಾಳೆ. ಪ್ರೋಗ್ರಾಂ ತಕರಾರು ಮಾಡುವುದಿಲ್ಲ. ಒಂದು ಅಂಕಿ ಮುದ್ರಿಸಿ ಸುಮ್ಮನಾಗುತ್ತದೆ.

ಇದಕ್ಕೆ ಮದ್ದು ಆ ಹೊತ್ತಿಗಾಗಲೇ ನಾರ್ವೆಯಲ್ಲಿ ಸಿದ್ಧವಾಗಿತ್ತು. ಓಸ್ಲೋದ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ರೂಪಿಸಿದ ‘ಸಿಮ್ಯುಲಾ 67’ ಭಾಷೆಯಲ್ಲಿ ಪ್ರೋಗ್ರಾಂ ಎಂದರೆ ಆಜ್ಞೆಗಳ ಪಟ್ಟಿಯಲ್ಲ, ಪಾತ್ರಧಾರಿಗಳ ಗುಂಪು. ಒಂದೊಂದು ‘ಆಬ್ಜೆಕ್ಟ್’ ತನ್ನ ಮಾಹಿತಿಯನ್ನೂ ಅದನ್ನು ಬಳಸುವ ಲೆಕ್ಕವನ್ನೂ ತನ್ನಲ್ಲೇ ಇಟ್ಟುಕೊಂಡು, ಇತರರು ಕೇಳಿದಾಗ ಉತ್ತರ ಕೊಡುತ್ತದೆ. ಇಂದು ಬ್ಯಾಂಕಿನಿಂದ ಮೊಬೈಲ್ ಆಟದವರೆಗೆ ಎಲ್ಲೆಡೆ ಇರುವ ಈ ವಿಧಾನ ಹುಟ್ಟಿದ್ದು ಹೊರಜಗತ್ತಿನ ಸಂಗತಿಗಳನ್ನು ಅಣಕು ಮಾಡಿ ನೋಡುವುದಕ್ಕೆ. ಹಾಗಾಗಿ ನದಿಗೆ ಅದು ಹೊಂದಿದ್ದರಲ್ಲಿ ಅಚ್ಚರಿಯಿಲ್ಲ. ಅಷ್ಟು ತಡವಾಗಿ ಹೊಂದಿದ್ದೇ ಅಚ್ಚರಿ. ಡೇವಿಸ್‌ನ ಕೇಂದ್ರ ತನ್ನ ಹಳೆಯ ಪ್ರೋಗ್ರಾಮನ್ನು ಎಚ್‌ಇಸಿ-ಎಚ್‌ಎಂಎಸ್ ಎಂದು ಹೊಸದಾಗಿ ಬರೆದು ಬಿಡುಗಡೆ ಮಾಡಿದ್ದು 1998ರಲ್ಲಿ. ಉಪಜಲಾನಯನ, ನದಿಪಾತ್ರದ ತುಂಡು, ಸಂಗಮ, ಜಲಾಶಯ, ಇವೆಲ್ಲ ಅದರಲ್ಲಿ ಪರದೆಯ ಮೇಲೆ ಇಟ್ಟು ಜೋಡಿಸುವ ಘಟಕಗಳು.

ಉಪಜಲಾನಯನ ಎಂಬ ಘಟಕವನ್ನು ಸ್ವಲ್ಪ ಬಿಚ್ಚಿ ನೋಡೋಣ. ಮಣ್ಣು ಮತ್ತು ನೆಲದ ಬಳಕೆಯನ್ನು ನೋಡಿ ಕೊಡುವ ‘ಕರ್ವ್ ನಂಬರ್’ ಎಂಬ ಅಂಕಿಯೊಂದು ಅದರೊಳಗಿರುತ್ತದೆ. 100 ಮಿ.ಮೀ. ಮಳೆ ಬಿತ್ತೆನ್ನಿ. ಅಂಕಿ 70 ಇರುವ ನೆಲದಿಂದ ಹರಿದುಹೋಗುವುದು ಸುಮಾರು 33 ಮಿ.ಮೀ., ಉಳಿದದ್ದು ನೆಲದ ಪಾಲು. ಅಂಕಿ 90 ಇದ್ದರೆ, ಅಂದರೆ ನೀರು ಹೀರದ ಜಿಗುಟು ಎರೆಯೋ ಕಾಂಕ್ರೀಟು ತುಂಬಿದ ಊರೋ ಆದರೆ, 73 ಮಿ.ಮೀ. ಹೊಳೆಗೆ ಇಳಿಯುತ್ತದೆ. ಈ ವಿಧಾನ ಬೇಡ, 1911ರ ಗ್ರೀನ್-ಆಂಪ್ಟ್ ಸಮೀಕರಣ ಬೇಕು ಎಂದರೆ ಆ ಘಟಕದೊಳಗೆ ಮಾತ್ರ ಬದಲಿಸಿದರಾಯಿತು. ಕೆಳಗಿನ ಸಂಗಮಕ್ಕೆ ಅದರ ಗೊಡವೆಯಿಲ್ಲ. ಗಂಟೆಗಂಟೆಗೆ ಎಷ್ಟು ಕ್ಯೂಸೆಕ್ ಬಂತು ಎಂಬುದಷ್ಟೇ ಅದರ ಪ್ರಶ್ನೆ.

ಈ ಅಂಕಿಗಳನ್ನು ತುಂಬುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಎಲ್ಲರ ಬಾಯಲ್ಲಿ ಜಿಐಎಸ್. ನೆಲವನ್ನು 30 ಮೀಟರಿನ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ ನೀರು ಸುತ್ತಲಿನ ಎಂಟರಲ್ಲಿ ಯಾವುದಕ್ಕೆ ಅತಿ ಕಡಿದಾಗಿ ಇಳಿಯುತ್ತದೆ ಎಂದು ಹುಡುಕಿದರೆ ಹಳ್ಳ, ಹೊಳೆ, ಜಲಾನಯನದ ಗಡಿ ಎಲ್ಲ ತಾವಾಗಿ ಮೂಡುತ್ತವೆ. ಟೆಕ್ಸಸ್ ವಿಶ್ವವಿದ್ಯಾಲಯದ ಡೇವಿಡ್ ಮೇಡ್‌ಮೆಂಟ್ ತಂಡ 2002ರಲ್ಲಿ ಪ್ರಕಟಿಸಿದ ‘ಆರ್ಕ್ ಹೈಡ್ರೋ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ನಕ್ಷೆಯ ಪ್ರತಿ ತುಂಡಿಗೂ ಒಂದು ಸಂಖ್ಯೆಯಿದೆ, ಜೊತೆಗೆ ‘ನೆಕ್ಸ್ಟ್‌ಡೌನ್‌ಐಡಿ’ ಎಂಬ ಖಾನೆಯೂ ಇದೆ: ನನ್ನ ಕೆಳಗಿನವರು ಯಾರು? ಸಾಲುಗಳ ಕ್ರಮದಲ್ಲಿ ಅಡಗಿದ್ದ ನದಿಯ ಆಕಾರ ಹೀಗೆ ನದಿಯ ತುಂಡುಗಳಿಗೇ ಗೊತ್ತಾಯಿತು.

ಇಷ್ಟು ಅಚ್ಚುಕಟ್ಟಾದ ವಿನ್ಯಾಸ ಎಡವುವುದು ಹಿನ್ನೀರಿನಲ್ಲಿ. ಆ ಖಾನೆಯನ್ನೇ ಮತ್ತೊಮ್ಮೆ ನೋಡಿ: ಅದು ಕೆಳಗಿನವರನ್ನು ಮಾತ್ರ ಬಲ್ಲದು. ಎಚ್‌ಎಂಎಸ್ ಮಾದರಿಯ ನದಿಪಾತ್ರ ಮೇಲಿನಿಂದ ನೀರು ಪಡೆಯುತ್ತದೆ, ಒಂದಿಷ್ಟು ಹೊತ್ತು ಹಿಡಿದಿಟ್ಟು ಕೆಳಕ್ಕೆ ಕೊಡುತ್ತದೆ. ಸಾಮಾನ್ಯವಾಗಿ ಬಳಸುವ ಮಸ್ಕಿಂಗಮ್ ಲೆಕ್ಕದಲ್ಲಿ ಕೆಳಗಿನ ನೀರಿನ ಮಟ್ಟ ಎಂಬ ಮಾತೇ ಬರುವುದಿಲ್ಲ. ಈಗ ಪ್ರತಿ ಮಳೆಗಾಲ ಎದ್ದು ಕೂರುವ ವಾದ ತೆಗೆದುಕೊಳ್ಳಿ. ಆಲಮಟ್ಟಿಯಲ್ಲಿ 519.60 ಮೀಟರಿಗೆ ನೀರು ನಿಂತರೆ ಸಾಂಗ್ಲಿ ಮುಳುಗುತ್ತದೆಯೇ? ಎತ್ತರವನ್ನು 524.256 ಮೀಟರಿಗೆ ಏರಿಸಿದರೆ? ಈ ಪ್ರಶ್ನೆಗೆ ಅಂಥ ಮಾದರಿ ‘ಇಲ್ಲ’ ಎಂದೇ ಹೇಳೀತು. ಆದರೆ ಅದು ನದಿಯ ಉತ್ತರವಲ್ಲ, ವಿನ್ಯಾಸದ ಉತ್ತರ. 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿಯೂ 2020ರಲ್ಲಿ ಆಲಮಟ್ಟಿ ಕಾರಣವಲ್ಲ ಎಂದಿತು. ನಮಗೆ ಒಪ್ಪಿಗೆಯಾಗುವ ಉತ್ತರ ನಿಜ. ಆದರೂ ಅಂಥ ಉತ್ತರ ಯಾವ ಬಗೆಯ ಲೆಕ್ಕದಿಂದ ಬಂತು ಎಂದು ಕೇಳುವುದನ್ನು ಬಿಡಬಾರದು.

ಹಿನ್ನೀರು ಕಾಣಬೇಕಾದರೆ ಫ್ರಾನ್ಸಿನ ಸೇಂಟ್-ವೆನಾಂಟ್ 1871ರಲ್ಲಿ ಬರೆದ ಸಮೀಕರಣಗಳು ಬೇಕು. ಅಲ್ಲಿ ಪ್ರತಿ ತುಂಡಿನ ನೀರಿನ ಮಟ್ಟ ಮೇಲಿನವರ ಜೊತೆಗೆ ಕೆಳಗಿನವರನ್ನೂ ಅವಲಂಬಿಸುವುದರಿಂದ ಇಡೀ ನದಿಯನ್ನು ಒಟ್ಟಿಗೇ ಬಿಡಿಸಬೇಕು. ನನ್ನ ಲೆಕ್ಕ ನನ್ನದು ಎಂಬ ಆಬ್ಜೆಕ್ಟಿನ ಬಿಗುಮಾನ ಇಲ್ಲಿ ನಡೆಯದು. ಅದೇ ಕೇಂದ್ರದ ಎಚ್‌ಇಸಿ-ರಾಸ್ ಈ ಕೆಲಸ ಮಾಡುತ್ತದೆ. ಹಾಗಾಗಿ ಬೆಟ್ಟದ ಮಳೆಯನ್ನು ಎಚ್‌ಎಂಎಸ್‌ನಲ್ಲಿ ಲೆಕ್ಕ ಹಾಕಿ, ಬಂದ ಹರಿವನ್ನು ರಾಸ್‌ಗೆ ಒಪ್ಪಿಸುವುದು ರೂಢಿ.

ಆದರೆ ರಾಸ್‌ಗೆ ನದಿಯ ಅಡ್ಡಸೀಳುಗಳು ಬೇಕು. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ರೇಡಾರಿನಿಂದ ಅಳೆದ ಎತ್ತರದ ನಕ್ಷೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಆದರೆ ರೇಡಾರ್ ನೀರಿನೊಳಗೆ ಇಳಿಯುವುದಿಲ್ಲ. ತುಂಬಿ ನಿಂತ ಜಾಗವೆಲ್ಲ ಅದರಲ್ಲಿ ಚಪ್ಪಟೆ. ತಳ ತಿಳಿಯಲು ದೋಣಿಯಲ್ಲಿ ಪ್ರತಿಧ್ವನಿ ಮಾಪಕ ಇಟ್ಟುಕೊಂಡು ದಡದಿಂದ ದಡಕ್ಕೆ ಅಳೆಯುತ್ತ ಸಾಗಬೇಕು. ಹೂಳು ಕೂಡುತ್ತಲೇ ಇರುವುದರಿಂದ, ಕೆಲವು ಮಳೆಗಾಲ ಕಳೆದ ಮೇಲೆ ಅದನ್ನೇ ಮತ್ತೆ ಅಳೆಯಬೇಕು.