ನಿಮಗಿದು ಗೊತ್ತೇ? ಬೀಗಕ್ಕೆ ಕೈಯೂ ಉಂಟು, ಕಿವಿಯೂ ಉಂಟು

ಕನ್ನಡದಲ್ಲಿ ಅದು ಬೀಗದ ಕೈ. ತೆಲುಗಿನಲ್ಲಿ ತಾಳಂಚೆವಿ, ಅಂದರೆ ಬೀಗದ ಕಿವಿ! ರಾಯದುರ್ಗ, ಮಡಕಶಿರದ ಕಡೆ ಎರಡೂ ಮಾತು ಕಿವಿಗೆ ಬೀಳುತ್ತವೆ. ಹಳೇ ಕಾರಿನ ಬೀಗ ಜಾಮ್ ಆದಾಗ ಮಾತ್ರ ಎಲ್ಲರೂ ಕೈಯನ್ನೇ ನಂಬುತ್ತಾರೆ. ಕೀಲಿ ಮುರಿಯುವುದು ಆಗಲೇ.

ಹೆಚ್ಚಿನ ಕಾರು ಬೀಗಗಳ ಹೊಟ್ಟೆಯಲ್ಲಿ ತೆಳ್ಳನೆಯ ಲೋಹದ ಬಿಲ್ಲೆಗಳ ಸಾಲಿರುತ್ತದೆ, ಒಂದೊಂದಕ್ಕೂ ಒಂದು ಪುಟಾಣಿ ಸ್ಪ್ರಿಂಗು. ಸರಿಯಾದ ಕೀಲಿ ಹೊಕ್ಕರೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬರಬೇಕು. ಒಂದೇ ಒಂದು ಅಂಟಿಕೊಂಡರೂ ಬೀಗ ತಿರುಗದು.

ಅಂಟಿಸಲು ದೂಳಿಗೇನು ಬರವೇ? ಕಣೇಕಲ್ಲು, ದರ್ಗಾ ಹೊನ್ನೂರಿನ ಆಸುಪಾಸಿನಲ್ಲಿ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೇ ದಿಬ್ಬ ಕಟ್ಟಿದೆ. ಕೀಲಿ ತೂತು ಅದಕ್ಕೆ ಯಾವ ಲೆಕ್ಕ?

ಕೊಬ್ಬರಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಆದದ್ದೇ ಬೀಗದಲ್ಲೂ ಆಗುತ್ತದೆ. ಶೇಂಗಾ ಎಣ್ಣೆ ಇನ್ನೂ ಕೆಟ್ಟದ್ದು, ವರ್ಷ ಕಳೆಯುವಷ್ಟರಲ್ಲಿ ಜಿಗುಟು ಗೋಂದು.

ನನ್ನ ಹಳೇ ಮಾರುತಿ 800ಕ್ಕೆ ಮಾಡಿದ್ದು ಇಷ್ಟೇ. ತೂತಿಗೆ ಡಬ್ಲ್ಯುಡಿ-40 ಹೊಡೆದು, ಕೀಲಿ ಹಾಕಿ ತೆಗೆದು, ಪ್ರತಿಸಲ ಹಳೇ ಬನಿಯನ್ನಿಗೆ ಒರೆಸಿದೆ. ಮೊದಲು ಬಂದದ್ದು ಕಾಡಿಗೆಯಂಥ ಕರಿ, ಆಮೇಲೆ ಕೆಂಪು ಮಣ್ಣು, ಹತ್ತನೇ ಸಲಕ್ಕೆ ಬರೀ ಒದ್ದೆ. ಒಣಗಿದ ಮೇಲೆ ಗ್ರಾಫೈಟ್ ಪುಡಿ. ಒಣ ಪುಡಿಗೆ ದೂಳು ಅಂಟುವುದಿಲ್ಲ. ಅದು ಸಿಗದಿದ್ದರೆ 6ಬಿ ಪೆನ್ಸಿಲ್ಲನ್ನು ಕೀಲಿಗೆ ಚೆನ್ನಾಗಿ ಉಜ್ಜಿದರೂ ತಾತ್ಕಾಲಿಕಕ್ಕೆ ಆದೀತು. ಪೆನ್ಸಿಲ್ಲಿನಲ್ಲಿ ಜೇಡಿಯೂ ಬೆರೆತಿರುತ್ತದೆ, ಅದೇ ರೂಢಿಯಾಗಬಾರದು.

ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ನೀರು ಓಡಿಸುವ ದ್ರವಕ್ಕಾಗಿ ನಡೆಸಿದ ನಲವತ್ತನೇ ಯತ್ನ ಫಲಿಸಿತೆಂದು ಆ 40!

ಸವೆದ ಕೀಲಿಯಿಂದ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಬೀರುವಿನಲ್ಲಿ ಮಲಗಿರುವ ಎರಡನೇ ಕೀಲಿಯಿಂದ ಮಾಡಿಸಿ.

ಹಿಂದಿನ ಬಾಗಿಲು ಹೊರಗಿಂದ ತೆಗೆದುಕೊಳ್ಳುತ್ತದೆ, ಒಳಗಿಂದ ಇಲ್ಲವೇ? ಗ್ಯಾರೇಜಿಗೆ ಓಡಬೇಡಿ, ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ನೋಡಿ.

ಬಾಗಿಲು ಹಾಕಿದರೆ ಪುಟಿದು ವಾಪಸ್ ಬರುತ್ತಿದೆಯೇ? ಅಂಚಿನ ಕೊಕ್ಕೆ ಮೊದಲೇ ಮುಚ್ಚಿಕೊಂಡಿರಬಹುದು. ಹಿಡಿಕೆ ಎಳೆದು ಹಿಡಿದು, ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಬಿಡಿಸಿ. ಬಡಿದಷ್ಟೂ ಕೊಕ್ಕೆ ಬಾಗುತ್ತದೆ.

ಸೆಂಟ್ರಲ್ ಲಾಕ್ ಕೆಟ್ಟರೆ ಬಾಗಿಲಿಗೆ ಕಿವಿಯಿಡಿ. ನಾಲ್ಕೂ ಸುಮ್ಮನಿದ್ದರೆ ಮೊದಲು ಫ್ಯೂಸು. ಒಂದೇ ಬಾಗಿಲು ಮೂಕವಾಗಿದ್ದರೆ ಅದರೊಳಗಿನ ಮೋಟಾರು, ಇಲ್ಲವೇ ಕೀಲಿನ ಬಳಿ ರಬ್ಬರ್ ಕೊಳವೆಯಲ್ಲಿ ಬಾಗಿ ಬಾಗಿ ತುಂಡಾದ ವೈರು. ಗಿರ್ ಎನ್ನುತ್ತದೆ, ಲಾಕ್ ಮಾತ್ರ ಅಲುಗದು ಎಂದರೆ ಪ್ಲಾಸ್ಟಿಕ್ ಹಲ್ಲುಚಕ್ರವೋ ಕಂಬಿಯ ಕ್ಲಿಪ್ಪೋ ಹೋಗಿರುತ್ತದೆ.

ಮಡಕಶಿರಕ್ಕೆ ನೆರೆಯ ಪೆನುಕೊಂಡದ ಬಳಿ ಕಿಯಾ ಕಾರ್ಖಾನೆಯಿದೆ; 2019ರಲ್ಲಿ ಅಲ್ಲಿಂದ ಸೆಲ್ಟೋಸ್ ಹೊರಬಿತ್ತು. ಹೊಸ ಕಾರುಗಳ ಬಾಗಿಲಿಗೆ ಗುಂಡಿ ಒತ್ತಿದರೆ ಸಾಕು. ಆದರೆ ಸ್ಮಾರ್ಟ್ ಕೀಯ ಹೊಟ್ಟೆಯಲ್ಲೂ ಒಂದು ಲೋಹದ ಕೀಲಿ ಅಡಗಿರುತ್ತದೆ, ಬ್ಯಾಟರಿ ಸತ್ತ ದಿನಕ್ಕೆಂದು. ವರ್ಷಗಟ್ಟಲೆ ಕೀಲಿಯ ಮುಖ ಕಾಣದ ಆ ತೂತೂ ಅಷ್ಟರಲ್ಲಿ ದೂಳು ಕುಡಿದು ಕೂತಿರುತ್ತದೆ.